ಹೆರೆದ ಹಾಳೆ

"ತೋಳು ಮೇಲೆತ್ತಿ, ಮೆಸ್ಸೆರ್ ಲಾಪೊ. ಇನ್ನೂ ಮೇಲೆ. ನಮ್ಮ ಮಠದ ಬಾಗಿಲು ದಾಟೋರೆಲ್ಲ ಹೀಗೇ ಎತ್ತಬೇಕು," ಎಂದರು ಸನ್ಯಾಸಿ ದೊನ್ ತಿಬಾಲ್ಡೊ.

ಅದು ಹಸೀ ಸುಳ್ಳು. ಇಪ್ಪತ್ತೆರಡು ವರ್ಷದಿಂದ ಆ ಬೆಟ್ಟದ ಮಠದ ಪುಸ್ತಕಗಳ ಕೀಲಿಕೈ ಅವರ ಸೊಂಟದಲ್ಲೇ ಇತ್ತು. ಒಬ್ಬರ ತೋಳನ್ನೂ ಎತ್ತಿಸಿದವರಲ್ಲ. ಆದರೆ ಫ್ಲಾರೆನ್ಸಿನಿಂದ ಬಂದಿದ್ದ ಈ ಲಾಪೊ ಎಂಬ ವಿದ್ವಾಂಸನ ಮೇಲೆ ಮೊದಲ ದಿನದಿಂದಲೇ ಗುಮಾನಿ. ಪ್ರಾರ್ಥನೆಗೆ ಬಾ ಎಂದರೆ ಹಿಂದೆ ನಿಂತು ಆಕಳಿಸುತ್ತಾನೆ. ಧೂಳು ತಿಂದ ರೋಮನರ ಪುಸ್ತಕ ಕಂಡರೆ ಮಾತ್ರ ಹಸಿದವನ ಮುಂದೆ ರೊಟ್ಟಿ ಇಟ್ಟ ಹಾಗೆ ಮುಖ ಅರಳುತ್ತದೆ. ಕ್ರಿಸ್ತನ ಹೆಸರೇ ಕೇಳದೆ ಸತ್ತವರು ಬರೆದದ್ದರಲ್ಲಿ ಇವನಿಗೇನು ಕೆಲಸ? ಈಗೀಗ ಇಂಥವರ ಹಾವಳಿ ಹೆಚ್ಚಾಗಿತ್ತು. ಮಠದಿಂದ ಮಠಕ್ಕೆ ಅಲೆಯುವುದು, ಹಳೆಯದನ್ನು ನಕಲು ಮಾಡಿಕೊಳ್ಳುವುದು, ಕಾಯುವವರ ಕಣ್ಣು ತಪ್ಪಿದರೆ ಅಗಲ ತೋಳಿನ ನಿಲುವಂಗಿಯೊಳಗೆ ಇಳಿಸಿಕೊಂಡು ನಡೆದುಬಿಡುವುದು. ಕಣಿವೆಯಾಚೆಯ ಮಠದಲ್ಲಿ ಹಾಗೇ ಒಂದು ಪುಸ್ತಕ ಹೋಗಿತ್ತು. "ನಮ್ಮಲ್ಲಿ ಒಂದು ಹಾಳೆ ಕಮ್ಮಿಯಾದ್ರೂ ಕೀಲಿಕೈ ಇಟ್ಟು ಹಂದಿ ಕಾಯೋಕೆ ಹೊರಡು," ಎಂದು ಮಠದ ಹಿರಿಯರು ತಿಬಾಲ್ಡೊಗೆ ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ಮೂರು ದಿನವೂ ಅವರು ಲಾಪೊನ ಎದುರಿಗೇ ಕೂತು ಕಾದಿದ್ದರು. ಅವನು ಪಾಯಿಖಾನೆಗೆ ಹೋದರೆ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದರು.

ಈಗ, ಹೊರಟು ನಿಂತವನ ನಿಲುವಂಗಿಯ ಎಡ ತೋಳಿನೊಳಗೆ ಕೈಗೆ ಏನೋ ತಗುಲಿತು. ಎಳೆದರು. ನಾಲ್ಕು ಮಡಿಕೆಯ ಒಂದು ತುಂಡು ತೊಗಲಿನ ಹಾಳೆ.

"ಸಿಕ್ಕಿಬಿದ್ರಲ್ಲ! ನಂಗೊತ್ತಿತ್ತು. ಬಂದ ದಿನಾನೇ ಗೊತ್ತಿತ್ತು!"

"ಅದು ನಿಮ್ಮದೇ ಹಾಳೆ ಅಂತ ಹೇಗೆ ಹೇಳ್ತೀರಿ ಸ್ವಾಮೀ?" ಲಾಪೊನ ತೋಳುಗಳು ಇನ್ನೂ ಮೇಲೆಯೇ ಇದ್ದವು. ಮುಖದಲ್ಲಿ ಗಾಬರಿಯೇ ಇರಲಿಲ್ಲ.

"ಹೇಗೆ ಅಂದ್ರೆ? ಇದರ ಮೇಲಿರೋ ಕೀರ್ತನೆ ನಾನು ಬರೆದದ್ದು! ನನ್ನ ಅಕ್ಷರ ನಂಗೆ ಗೊತ್ತಾಗಲ್ವೇನ್ರೀ? ಇನ್ನೇನು ಸಾಕ್ಷಿ ಬೇಕು ನಿಮಗೆ?"

"ಸಾಕು, ಇಷ್ಟೇ ಸಾಕು," ಎಂದು ಲಾಪೊ ತೋಳು ಇಳಿಸಿದ. "ನಾನು ಇಲ್ಲಿಗೆ ಹತ್ತಿ ಬರೋವಾಗ, ಬೆಟ್ಟದ ಬುಡದಲ್ಲಿ ಚೆಸ್ಟ್‌ನಟ್ ರೊಟ್ಟಿ ಮಾರೋ ಬೆತ್ತಾ ಕೊಟ್ಟಿದ್ದು ಇದನ್ನ. ನೀವು ಎರಡು ಮೊಟ್ಟೆಗೆ ಅವಳಿಗೆ ಮಾರಿದ ತಾಯಿತ. ಮಗಳ ಕತ್ತಿಗೆ ಕಟ್ಟಿದ್ಲಂತೆ. ಮಗು ಉಳೀಲಿಲ್ಲ. ಇನ್ಯಾಕೆ ಇದು, ತಗೊಂಡು ಹೋಗಪ್ಪ ಅಂದ್ಲು."

ತಿಬಾಲ್ಡೊ ಶಿಲುಬೆಯ ಗುರುತು ಮಾಡಿಕೊಂಡರು. ಆದರೂ ಗುಮಾನಿ ಇಳಿಯಲಿಲ್ಲ. "ಕೀರ್ತನೆಗಾಗಿ ತಗೊಂಡ್ರಾ? ನೀವು?"

"ಕೀರ್ತನೆ ಕೆಳಗೆ ನೋಡಿ. ಬಿಸಿಲಿಗೆ ಓರೆಯಾಗಿ ಹಿಡೀರಿ. ಹಳೇ ಬರಹ ಹೆರೆಯೋ ಕೆಲಸಾನೂ ನೀವು ನೆಟ್ಟಗೆ ಮಾಡಿಲ್ಲ."

ಹಿಡಿದರು. ತಮ್ಮ ಕಪ್ಪು ಸಾಲುಗಳ ಕೆಳಗೆ, ಅಡ್ಡಡ್ಡ, ಹಳೆಯ ಕಂದು ಅಕ್ಷರಗಳು ಮಸುಕಾಗಿ ಎದ್ದು ಬಂದವು. ಆ ಅಕ್ಷರಗಳಿದ್ದ ಪುಸ್ತಕ ಅವರಿಗೆ ನೆನಪಿತ್ತು: ಮೊದಲ ಪುಟವಿಲ್ಲದ್ದು, ಎಲ್ಲಿ ತೆರೆದರೂ ಒಬ್ಬ ಸಂತನ ಹೆಸರು ಸಿಗದ್ದು. ಯಾರಿಗೂ ಬೇಡದ್ದೆಂದು ಹನ್ನೊಂದು ಚಳಿಗಾಲ ಕೂತು ಒಂದೊಂದೇ ಹಾಳೆಯನ್ನು ಹಾಲಿನಲ್ಲಿ ನೆನೆಸಿ, ಕಲ್ಲಿನಿಂದ ಉಜ್ಜಿ, ಅಂಗೈಯಗಲ ಕತ್ತರಿಸಿ, ಮೇಲೆ ಕೀರ್ತನೆ ಬರೆದು ತಾಯಿತವೆಂದು ಊರವರಿಗೆ ಮಾರಿದ್ದರು. ಹೆರೆಯುವಾಗ ಓದಿರಲಿಲ್ಲ. ಈಗ ತುಟಿ ಅಲ್ಲಾಡಿಸುತ್ತ ಓದಿದರು. ಮಗಳನ್ನು ಕಳೆದುಕೊಂಡ ಯಾರೋ ಒಬ್ಬ ರೋಮನ್ ತಂದೆ ಸ್ನೇಹಿತನಿಗೆ ಬರೆದ ಕಾಗದ.

'ಇವತ್ತೂ ಆಳು ಮರೆತು ಅವಳ ತಟ್ಟೆಯನ್ನು ಊಟಕ್ಕೆ ಇಟ್ಟ. ಯಾರೂ ತೆಗೆಯಲಿಲ್ಲ. ಅರ್ಧ ಊಟದಲ್ಲಿ ಅವಳ ತಾಯಿ ಆ ತಟ್ಟೆಯನ್ನು ಹತ್ತಿರ ಎಳೆದುಕೊಂಡು'

ಅಲ್ಲಿಗೆ ಹಾಳೆಯ ಅಂಚು.

"ಎಳೆದುಕೊಂಡು?" ಎಂದರು ತಿಬಾಲ್ಡೊ. ಹಾಳೆಯನ್ನು ತಿರುಗಿಸಿ ನೋಡಿದರು. "ಆಮೇಲೆ? ಏನ್ ಮಾಡಿದ್ಲು?"

"ನೀವೇ ಹೇಳ್ಬೇಕು ಸ್ವಾಮೀ. ಚಾಕು ನಿಮ್ಮ ಕೈಲಿತ್ತು." ಲಾಪೊನ ದನಿ ಅಲ್ಲಿ ಒಮ್ಮೆ ಒಡೆಯಿತು. "ಏಳು ವರ್ಷ ಆ ಪುಸ್ತಕ ಹುಡುಕಿದ್ದೀನಿ ನಾನು. ಬೇರೆಲ್ಲೂ ಇಲ್ಲ ಅದು." ಆ ಮೂರು ಸಾಲನ್ನು ಅಲ್ಲೇ ನಿಂತು ನಕಲು ಮಾಡಿಕೊಂಡ, ಹಾಳೆಯನ್ನು ತಿಬಾಲ್ಡೊ ಅವರ ಕೈಯಲ್ಲೇ ಬಿಟ್ಟ. "ಇದು ನಿಮ್ಮ ಮಠದ್ದೇ, ಇಟ್ಕೊಳ್ಳಿ. ಉಳಿದದ್ದು ಸಿಕ್ಕಿದ್ರೆ ಬರೆದು ಕಳಿಸಿ." ಹೇಸರಗತ್ತೆ ಏರಿ ಹೋಗಿಯೇಬಿಟ್ಟ.

ಭಾನುವಾರ ಪೂಜೆ ಮುಗಿದ ಮೇಲೆ ಊರ ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ತೀರ್ಥಕ್ಕೆ ಸಾಲು ನಿಂತರು. ಒಬ್ಬೊಬ್ಬರ ಕೊರಳಲ್ಲೂ, ಒಂದೊಂದು ಮಗುವಿನ ಕೊರಳಲ್ಲೂ ತಿಬಾಲ್ಡೊ ಮಾರಿದ ತಾಯಿತದ ಪುಟ್ಟ ಚರ್ಮದ ಚೀಲ. ಇವುಗಳಲ್ಲಿ ಯಾವುದರೊಳಗೆ ಕೂತಿದ್ದಾಳೆ ಆ ತಾಯಿ? ತಟ್ಟೆ ಎಳೆದುಕೊಂಡು ಅತ್ತಳೇ, ಉಂಡಳೇ, ತೆಗೆದು ಎಸೆದಳೇ? ಬಿಚ್ಚಿ ಕೊಡಿ ಎನ್ನಲು ಬಾಯಿ ಬರಲಿಲ್ಲ. ಅದನ್ನು ನಂಬಿಯೇ ಮಲಗಿ ಏಳುತ್ತಿದ್ದವು ಆ ಮನೆಗಳು. ತಿಬಾಲ್ಡೊ ತೀರ್ಥದ ಪಾತ್ರೆ ಹಿಡಿದು ಬಗ್ಗಿದರು. ಒಂದು ಕೊರಳ ಹತ್ತಿರ ಇನ್ನೂ ಬಗ್ಗಿದರು. ಚೀಲದ ಹೊಲಿಗೆಯನ್ನೇ ದಿಟ್ಟಿಸಿದರು.

ಆ ಹೆಣ್ಣುಮಗಳು ಚೀಲವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಹಿಂದಿನವಳ ಕಡೆ ತಿರುಗಿ ಮೆಲ್ಲಗೆ ಅಂದಳು: "ಹುಷಾರು ಕಣೇ. ಈ ಸ್ವಾಮಿ ನೋಟ ಯಾಕೋ ಸರಿಯಿಲ್ಲ."