ವಾಪಸ್ ಬರುವ ಖರ್ಚು

"ಅಳಿಯಂದ್ರೇ ಎಲ್ಲಾ ಕಟ್ತೀನಿ ಅಂತಿದಾರಲ್ಲ ಮಾರಾಯ್ತಿ, ಅರ್ಧ ನಾನೇ ಕೊಡ್ತೀನಿ ಅಂತ ನಿಂದೇನು ಹಠ?" ದುರ್ಗಿಗುಡಿಯ ವೀಸಾ ಏಜೆಂಟರ ಕಚೇರಿಯಲ್ಲಿ ಕಲ್ಲಪ್ಪ ಮಗಳ ಕಿವಿಯ ಹತ್ತಿರ ಬಾಗಿ ಕೇಳಿದರು. ಸಿಂಚನಾ ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು. ಆ ಅರ್ಧವನ್ನು ಅವಳು ಭದ್ರಾವತಿಯ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿ ಕೂಡಿಟ್ಟಿದ್ದಳು.

ಕೆನಡಾದಿಂದ ವೀಡಿಯೊ ಕಾಲಿನಲ್ಲಿದ್ದ ಗಂಡ ಮಾರ್ಟಿನ್ ಕೂಡ ಅವಳಿಗಾಗಿ ಕಲಿತ ಅರೆಬರೆ ಕನ್ನಡದಲ್ಲಿ ಅದನ್ನೇ ಹೇಳುತ್ತಿದ್ದ. ಕರೆಸಿಕೊಳ್ಳುವವನು ತಾನು, ಅರ್ಜಿಯ ಶುಲ್ಕ, ವೈದ್ಯಕೀಯ ತಪಾಸಣೆ, ಟಿಕೆಟ್ಟು ಎಲ್ಲವೂ ತನ್ನದೇ. ಅವನ ಪ್ರೀತಿಯಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆದರೂ ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ. ಗುರುತು ಪರಿಚಯವಿಲ್ಲದ ಊರಿನಲ್ಲಿ ಎಂದೋ ಜಗಳವಾದಾಗ, ನಿನ್ನನ್ನು ಇಲ್ಲಿಗೆ ಕರೆತಂದವನೇ ನಾನು ಎಂಬ ಮಾತು ಅವನ ಬಾಯಿಂದ ಬಂದುಬಿಟ್ಟರೆ?

ಕೊನೆಗೆ ಅವಳು ಫೋನನ್ನು ಹತ್ತಿರಕ್ಕೆ ಹಿಡಿದು ಕೇಳಿಯೇಬಿಟ್ಟಳು. "ನಂಗೆ ಅಲ್ಲಿ ಹಿಡಿಸ್ಲಿಲ್ಲ ಅಂದ್ರೆ ವಾಪಸ್ ಬರೋ ಖರ್ಚು ಯಾರ್ದು?"

"ಬಿಡ್ತು ಅನ್ನು!" ಎಂದು ಕಲ್ಲಪ್ಪ ಗದರಿದರು. ಏಜೆಂಟರು ಕಂಪ್ಯೂಟರಿನಿಂದ ತಲೆಯೆತ್ತಿ ನೋಡಿದರು. ಮಾರ್ಟಿನ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಅವನ ಮುಖ ಸಪ್ಪಗಾಗಿತ್ತು. ಒಂದೊಂದೇ ಪದ ಹುಡುಕುತ್ತ ಹೇಳಿದ: "ಅದೂ ಅರ್ಧ ಅರ್ಧ. ಆ ದುಡ್ಡು ಈಗಲೇ ಎತ್ತಿಡೋಣ. ನಿನ್ನ ಹೆಸರಲ್ಲೇ ಇರಲಿ."

ಸಿಂಚನಾ ಏಜೆಂಟರತ್ತ ತಿರುಗಿದಳು. "ಅರ್ಜಿ ಹಾಕಿಬಿಡಿ ಸಾರ್."