ಹೆಸರಿಲ್ಲದ ದೂರು

ಆರನೆಯ ದೂರನ್ನೂ ಅನುಸೂಯಾ ಲೈಬ್ರರಿಯ ಕಂಪ್ಯೂಟರಿನಿಂದಲೇ ಕಳಿಸಿದರು. ಹೆಸರಿನ ಜಾಗ ಖಾಲಿ, ಉತ್ತರಕ್ಕೆ ಹೆಸರಿಲ್ಲದ ಒಂದು ಇಮೇಲ್ ವಿಳಾಸ ಮಾತ್ರ. ‘ನೀವು ಯಾರು?’ ಎಂಬಲ್ಲಿ ‘ನೆರೆಯವರು’ ಎಂದು ಟಿಕ್. ಕಳಿಸಿದ ಮೇಲೆ ಯಾರಾದರೂ ಕಂಡರೇನೋ ಎಂದು ಹಿಂದೆ ತಿರುಗಿ ನೋಡಿದರು. ತಪ್ಪೇನೂ ಮಾಡಿರಲಿಲ್ಲ. ಆದರೂ ಪರದೆಯ ಪುಟ ಮುಚ್ಚಿ ಬೇಗ ಎದ್ದರು.

ಹಾಸನದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವರು. ದೂರಿನಲ್ಲಿ ಒಂದು ಕಾಮಾ ಕೂಡ ತಪ್ಪಿರಲಿಲ್ಲ. ವಿಷಯ ಇಷ್ಟೇ: ಹದಿನೇಳನೆಯ ನಂಬರಿನ ಮನೆಯ ಹಿತ್ತಲಲ್ಲಿ ಒಂದು ತಗಡಿನ ಶೆಡ್ ಇದೆ. ಸಾಮಾನು ಇಡಲೆಂದು ಕಟ್ಟಿದ್ದು. ಅದರೊಳಗೆ ಒಬ್ಬ ವಯಸ್ಸಾದ ಹೆಂಗಸನ್ನು ಇಟ್ಟಿದ್ದಾರೆ. ಕಿಟಕಿಯಿಲ್ಲ. ಬಚ್ಚಲಿಗೆ ಅಂಗಳ ದಾಟಿ ಹೋಗಬೇಕು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಫೆಬ್ರವರಿ ಎಂದರೆ ಬೇಸಿಗೆ; ಆ ಬಿಸಿಲಿಗೆ ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಹೋದ ವಾರ ಆಕೆ ತಲೆ ಸುತ್ತಿ ಬಿದ್ದಿದ್ದಾಳೆ. ಹೀಗೇ ಬಿಟ್ಟರೆ ಉಳಿಯುವುದಿಲ್ಲ.

ದೂರು ಹೋಗುತ್ತಿದ್ದದ್ದು ಅಲ್ಲಿನ ನಗರಸಭೆಗೆ, ಅಂದರೆ ಕೌನ್ಸಿಲ್ಲಿಗೆ; ಅದರ ಉತ್ತರಗಳೂ ಬಹಳ ಸಭ್ಯ. ಮೊದಲನೆಯದಕ್ಕೆ: ನಿಮ್ಮ ಕಾಳಜಿಗೆ ಧನ್ಯವಾದ. ಎರಡನೆಯದಕ್ಕೆ: ರಸ್ತೆಯಿಂದ ನೋಡಿದೆವು, ಏನೂ ಕಾಣಲಿಲ್ಲ. ಹಿತ್ತಲಿನ ಶೆಡ್ ರಸ್ತೆಗೆ ಹೇಗೆ ಕಾಣಬೇಕು? ಮೂರನೆಯದಕ್ಕೆ: ಮನೆಯ ಮಾಲೀಕರನ್ನು ಕೇಳಿದೆವು, ಸಾಮಾನು ಮಾತ್ರ ಇದೆ ಎಂದರು. ಕಳ್ಳನನ್ನೇ ಕರೆದು ಕದ್ದೆಯಾ ಎಂದು ಕೇಳಿ, ಇಲ್ಲ ಎಂದದ್ದನ್ನು ಬರೆದುಕೊಂಡು ಹೋಗುವ ಪೊಲೀಸರು ಇವರು. ಉಳಿದೆರಡಕ್ಕೆ ಉತ್ತರವೇ ಇಲ್ಲ. ಇದೇ ಕೌನ್ಸಿಲ್, ಅದೇ ಬೀದಿಯಲ್ಲಿ ಒಬ್ಬರ ಬೇಲಿ ಒಂದು ಗೇಣು ಎತ್ತರವಾಯಿತೆಂದು ಮೂರೇ ದಿನದಲ್ಲಿ ನೋಟಿಸ್ ಅಂಟಿಸಿತ್ತು. ಬೇಲಿ ರಸ್ತೆಗೆ ಕಾಣುತ್ತದಲ್ಲ.

ಮನೆಯ ಮಾಲೀಕ ಉತ್ತಮ್. ನಗರದ ಫೋರ್ಟಿಟ್ಯೂಡ್ ವ್ಯಾಲಿ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಕನ್ನಡ ಸಂಘದ ಕಾರ್ಯದರ್ಶಿ. ಹೆಂಡತಿ ಮಾಲವಿಕಾ. ಮನೆಗೆ ನಾಲ್ಕು ಬೆಡ್‌ರೂಮು: ಅವರಿಗೊಂದು, ಮಗುವಿಗೊಂದು, ಆಫೀಸ್ ಕೆಲಸಕ್ಕೊಂದು, ಸಿನಿಮಾ ನೋಡಲೊಂದು. ಬಾಣಂತನಕ್ಕೆ ಕರೆಸಿಕೊಂಡ ಹೆಂಗಸಿಗೆ ಬಾಣಂತನ ಮುಗಿದ ಮೇಲೆ ಶೆಡ್. ಆಕೆ ಬಾಯಿಬಿಟ್ಟು ಕೇಳುವವಳಲ್ಲ. ಒಮ್ಮೆ ಸೆಕೆ ಎಂದಿದ್ದಕ್ಕೆ ಟೇಬಲ್ ಫ್ಯಾನ್ ತಂದಿಟ್ಟರು. ಆಮೇಲೆ ಆಕೆ ಏನೂ ಅನ್ನಲಿಲ್ಲ.

ಅನುಸೂಯಾ ಅವರ ಲೆಕ್ಕಾಚಾರ ಸರಳವಾಗಿತ್ತು. ಸರ್ಕಾರವೇ ಹೇಳಿದರೆ ಯಾರ ಮಾನವೂ ಹೋಗುವುದಿಲ್ಲ. ಜಗಳವಿಲ್ಲ, ನಿಷ್ಠುರವಿಲ್ಲ. ಕಾನೂನು ಹೀಗಿದೆಯಂತೆ ಎಂದು ಗೊಣಗಿಕೊಂಡು ಆಕೆಯನ್ನು ಮನೆಯೊಳಗೆ ಕರೆದುಕೊಳ್ಳುತ್ತಾರೆ. ಹೆಸರು ಮಾತ್ರ ಹೊರಗೆ ಬರಬಾರದು.

ಆರನೆಯ ದೂರು ಕೆಲಸ ಮಾಡಿತು. ಕೌನ್ಸಿಲ್ ಒಬ್ಬ ಆಫೀಸರನ್ನು ಕಳಿಸಿತು. ಕಳಿಸುವ ಏಳು ದಿನ ಮೊದಲು ಉತ್ತಮ್‌ಗೆ ಪತ್ರ ಬರೆದು, ಇಂಥ ದಿನ ಇಂಥ ಹೊತ್ತಿಗೆ ಬರುತ್ತೇವೆ ಎಂದು ತಿಳಿಸಿಯೇ ಕಳಿಸಿತು. ಇದಕ್ಕಿಂತ ಮದುವೆಯ ಕರೆಯೋಲೆ ಕೊಟ್ಟು ಬರಬಹುದಿತ್ತು.

ಆ ದಿನ ಮಧ್ಯಾಹ್ನ ಅನುಸೂಯಾ ಬೀದಿಯ ತುದಿಯ ಪಾರ್ಕಿನ ಬೆಂಚಿನ ಮೇಲೆ ಛತ್ರಿ ಹಿಡಿದು ಕುಳಿತಿದ್ದರು. ಬೆಳಿಗ್ಗೆ ಉತ್ತಮ್ ಶೆಡ್ಡಿನಿಂದ ಮಂಚ ಹೊರಗೆ ತೆಗೆದದ್ದನ್ನೂ, ರಟ್ಟಿನ ಪೆಟ್ಟಿಗೆ ತುಂಬಿಸಿದ್ದನ್ನೂ ಅವರು ನೋಡಿದ್ದರು. ಆಫೀಸರ್ ಹತ್ತು ನಿಮಿಷದಲ್ಲಿ ಹೊರಗೆ ಬಂದ. ಪಾರ್ಕಿನ ಮರದ ನೆರಳಿನಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಅನುಸೂಯಾ ಎದ್ದು ಹೋದರು. ಮಾತು ಇಂಗ್ಲಿಷಿನಲ್ಲಿ ನಡೆಯಿತು.

“ಹದಿನೇಳನೆಯ ಮನೆಯ ಬಗ್ಗೆ ಬರೆದವಳು ನಾನು.”

“ಓ. ಇಲ್ಲೇ ಹತ್ತಿರದವರಾ?”

“ತುಂಬ ಹತ್ತಿರ.”

“ಶೆಡ್ಡಿನಲ್ಲಿ ಯಾರೂ ಇಲ್ಲವಲ್ಲ, ಮೇಡಂ. ಬರೀ ಪೆಟ್ಟಿಗೆ.”

“ಈಗ ಇಲ್ಲ. ಅದು ನಿಜ.”

ಆಫೀಸರ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಕೆಟ್ಟವನಂತೆ ಕಾಣಲಿಲ್ಲ. “ಅಲ್ಲಿ ಒಬ್ಬರು ವಾಸ ಮಾಡ್ತಿರೋದನ್ನ ನೀವೇ ಕಂಡಿದ್ದೀರಾ?”

“ದಿನಾ.”

“ಹಾಗಾದ್ರೆ ಈ ಫಾರಮ್ಮಿನಲ್ಲಿ ಬರೆದು ಸಹಿ ಹಾಕಿ. ಇವತ್ತೇ ನೋಟಿಸ್ ಕೊಡ್ತೀನಿ. ನನಗೆ ಬೇಕಾಗಿರೋದು ಒಂದೇ ಒಂದು ಹೆಸರು.” ಅವನು ಪೆನ್ನು ಚಾಚಿದ.

ಅನುಸೂಯಾ ಪೆನ್ನು ತೆಗೆದುಕೊಂಡರು. ಒಂದು ಸಹಿ. ಆ ಶೆಡ್ಡಿನ ಕತೆ ಮುಗಿಯುತ್ತದೆ. ಆದರೆ ಮುಂದಿನ ತಿಂಗಳು ಯುಗಾದಿ. ಸಂಘದ ಊಟದ ಸಾಲಿನಲ್ಲಿ ಜನ ಉತ್ತಮ್‌ನ ಮುಖ ನೋಡಿ ಪಿಸುಗುಟ್ಟುತ್ತಾರೆ. ಸಹಿ ಯಾರದೆಂದೂ ಕೇಳುತ್ತಾರೆ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಕಾಗದದ ಮೇಲೆ ಪೆನ್ನಿನ ತುದಿ ಒಂದು ಚುಕ್ಕೆ ಮೂಡಿಸಿ ನಿಂತಿತು.

“ಆ ಹುಡುಗ ಕೆಟ್ಟವನಲ್ಲ,” ಎಂದು ಪೆನ್ನು ಹಿಂದಿರುಗಿಸಿದರು.

“ಮತ್ತೆ ಆರು ಸಲ ದೂರು ಯಾಕೆ ಕೊಟ್ರಿ?”

ಅನುಸೂಯಾ ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿದರು. ಅವನು ತಲೆಯಾಡಿಸಿ, ಕಡತದಲ್ಲಿ ಏನೋ ಗೀಚಿ, ಕಾರು ಹತ್ತಿದ. ಸಂಜೆಯೊಳಗೆ ‘ಪ್ರಕರಣ ಮುಕ್ತಾಯ’ ಎಂಬ ಇಮೇಲ್ ಬರುತ್ತದೆ ಎಂದು ಅನುಸೂಯಾ ಅವರಿಗೆ ಗೊತ್ತಿತ್ತು. ಮತ್ತೆ ಬೆಂಚಿಗೆ ಹೋಗಿ ಕುಳಿತರು. ಕಾರು ತಿರುವು ದಾಟಿತು.

ಹದಿನೇಳನೆಯ ಮನೆಯ ಗೇಟು ತೆರೆದು ಉತ್ತಮ್ ಹೊರಗೆ ಬಂದ. ಸುತ್ತ ಕಣ್ಣು ಹಾಯಿಸಿ, ಬೆಂಚಿನ ಕಡೆಗೆ ಕೈಯೆತ್ತಿ ಕೂಗಿದ.

“ಅಮ್ಮಾ, ಅವ್ರು ಹೋದ್ರು. ಶೆಡ್ಡಿಂದ ಪೆಟ್ಟಿಗೆ ತೆಗೆದು ನಿನ್ನ ಮಂಚ ಹಾಕ್ತಿದೀನಿ, ಬಾ, ಸ್ವಲ್ಪ ಹೊತ್ತು ಮಲ್ಕೋ.”