ಹಾಳುಬಾವಿ ತೋಡಿದ ದಿನ

ಯಂತ್ರದ ಹಲ್ಲು ನೆಲಕ್ಕೆ ಇಳಿದಾಗಲೆಲ್ಲ ಮಲ್ಕಪ್ಪ ಗುಂಡಿಯ ಅಂಚಿಗೆ ಓಡಿ ಬಗ್ಗಿ ನೋಡುತ್ತಿದ್ದ. ಇನ್ನೊಂದಿಷ್ಟು ತೋಡಿದರೆ ಹಾಳುಬಾವಿ. ಅದರೊಳಗಿನ ಎಲುಬು ಹೊರಬಿದ್ದರೆ ಒಂದು ಜೀವ ಹೋಗುವುದು ಖಂಡಿತ.

ಶಹಾಪುರದ ಹೊರಗೆ, ಸುರಪುರ ರಸ್ತೆಗೆ ಹತ್ತಿಕೊಂಡು ಮಾಲ್ ಎದ್ದಾಗ ಅವನಿಗೆ ಇಷ್ಟು ಹೆದರಿಕೆಯಿರಲಿಲ್ಲ. ಮೊದಲ ಕಟ್ಟಡ ಅವರ ಹೊಲದ ಬದುವಿನಾಚೆಗೇ ನಿಂತಿತ್ತು. ಕೆಂಭಾವಿ, ಕೊಂಕಲ್ ಕಡೆಯ ಜನ ಟಂಟಂ ಗಾಡಿ ತುಂಬಿಕೊಂಡು ಬರುವುದು, ತಾನೇ ಏರುವ ಮೆಟ್ಟಿಲ ಮೇಲೆ ಕಿರುಚುತ್ತ ಹತ್ತಿಳಿಯುವುದು, ಒಂದೇ ಐಸ್‌ಕ್ರೀಮನ್ನು ಮನೆಮಂದಿಯೆಲ್ಲ ನೆಕ್ಕಿ ಹೋಗುವುದು. ವ್ಯಾಪಾರಕ್ಕಿಂತ ಗದ್ದಲವೇ ಜಾಸ್ತಿ ಅನ್ನಿ. ಆದರೂ ಮಾಲಿನವರ ಹೊಟ್ಟೆ ತುಂಬಲಿಲ್ಲ. ಹಾಳುಬಾವಿಯಿದ್ದ ಇವರ ಹೊಲವೂ ಬೇಕೆಂದರು. ಮಲ್ಕಪ್ಪ ಎಷ್ಟು ಬೇಡವೆಂದು ಬಡಕೊಂಡರೂ ಅವನ ಅಣ್ಣ ತಿಮ್ಮಣ್ಣ ಕೊಟ್ಟೇಬಿಟ್ಟ.

ಬರೀ ಗಾಡಿ ನಿಲ್ಲಿಸಲು, ಮೇಲೆ ಡಾಂಬರು ಹಾಕುತ್ತೇವೆ ಎಂದಿದ್ದರು. ಡಾಂಬರಿನ ಕೆಳಗೆ ಬಾವಿ ಶಾಶ್ವತವಾಗಿ ಮಲಗುತ್ತದೆಂದು ಮಲ್ಕಪ್ಪ ಸಮಾಧಾನ ಮಾಡಿಕೊಂಡಿದ್ದ. ಈಗ ನೋಡಿದರೆ ನಕ್ಷೆಯೇ ಬದಲಾಗಿತ್ತು. ಮೇಲೆ ಸಿನಿಮಾ, ಕೆಳಗೆ ನೆಲಮಾಳಿಗೆ. ಹಾಳಾದವರು!

ಎಷ್ಟೋ ವರ್ಷದ ಹಿಂದೆ ಮಲ್ಕಪ್ಪನ ಮಗಳು ಸೌಭಾಗ್ಯ ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಳು. ಸುದ್ದಿ ಒಡೆದ ದಿನ ಕುರಿಹಟ್ಟಿಯ ಮುಂದೆ ಮನೆಯ ಗಂಡಸರು ಕೂತರು. ತಿಮ್ಮಣ್ಣನ ಮಗ ಮರಿಲಿಂಗ ಆಗಲೇ ಕೊಡಲಿ ಮಸೆಯುತ್ತಿದ್ದ. ತಿಮ್ಮಣ್ಣ ತಲೆ ಎತ್ತದೆ ಹೇಳಿದ:

“ಮಲ್ಕ್ಯಾ, ನಿನ್ನ ಮಗಳು. ನೀನಾ ಮುಗಿಸು. ಇಲ್ಲಂದ್ರ ಇಂವ ಮುಗಿಸ್ತಾನ.”

ಮರುದಿನ ನಸುಕಿನಲ್ಲಿ ಮಲ್ಕಪ್ಪ ಮಗಳ ಹಸಿರು ಸೀರೆ ಸುತ್ತಿದ ಗಂಟನ್ನು ಹೆಗಲ ಮೇಲೆ ಹೊತ್ತು ತಂದ. ಬಟ್ಟೆಯಿಂದ ರಕ್ತ ಜಿನುಗುತ್ತಿತ್ತು. ಒಳಗಿನ ಮೈ ಇನ್ನೂ ಬೆಚ್ಚಗಿತ್ತು. ತಿಮ್ಮಣ್ಣ, ಮರಿಲಿಂಗ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಗಂಟು ಬಾವಿಗೆ ಬಿತ್ತು. ಸಂಜೆಯೊಳಗೆ ಕಲ್ಲು ಮಣ್ಣು ಸುರಿದು ಮುಚ್ಚಿದರು.

ಕೇಳಿದವರಿಗೆಲ್ಲ ಹುಡುಗಿಯನ್ನು ದೂರದೂರಿಗೆ ಕೊಟ್ಟೆವು ಎಂದರು. ತಾಯಿ ಮಾಳಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ. ಎದೆ ಕಲ್ಲಾಗಿದೆ, ಪಾಪ, ಎಂದು ಓರಗಿತ್ತಿಯರು ಮರುಗಿದರು. ಅದೇ ವಾರ ಹಟ್ಟಿಯ ಹಲ್ಲು ಮುರಿದ ಬಿಳಿಹಣೆ ಕುರಿಯನ್ನು ತೋಳ ಒಯ್ದಿತೆಂಬ ಮಾತೂ ಬಂತು. ಮನೆಗೆ ಗ್ರಹಚಾರ ಹಿಡಿದಿದೆ ಎಂದುಕೊಂಡರು. ಆ ಹುಡುಗನಂತೂ ಊರು ಬಿಟ್ಟಿದ್ದ. ಎಷ್ಟೋ ಮಳೆಗಾಲ ಕಳೆದರೂ ಮರಿಲಿಂಗನ ಸಿಟ್ಟು ಆರಿರಲಿಲ್ಲ. ಕುಡಿದಾಗಲೆಲ್ಲ ಆ ಹುಡುಗ ಸಿಕ್ಕರೆ ಕಡಿಯುತ್ತೇನೆ ಎನ್ನುತ್ತಿದ್ದ.

ತಿಮ್ಮಣ್ಣ ಗುತ್ತಿಗೆದಾರನಿಗೆ ಮೊದಲೇ ಹೇಳಿಟ್ಟಿದ್ದ. ಅಲ್ಲಿ ನಮ್ಮ ಹಿರಿಯರು ಮಣ್ಣಾಗಿದ್ದಾರೆ. ಎಲುಬು ಕಂಡರೆ ಯಂತ್ರ ನಿಲ್ಲಿಸಬೇಕು. ಮನೆಯ ಹಿರಿಯನೇ ಇಳಿದು ಕಂಬಳಿಯಲ್ಲಿ ಆರಿಸಿಕೊಳ್ಳಬೇಕು, ಬೇರೆ ಕೈ ತಾಗಬಾರದು. ಗುತ್ತಿಗೆದಾರನೂ ದೈವಕ್ಕೆ ಅಂಜುವವನೇ. ಒಪ್ಪಿಕೊಂಡ.

“ಅಣ್ಣಾ, ನಾ ಒಬ್ಬನಾ ಇಳೀತೀನಿ,” ಮಲ್ಕಪ್ಪ ಅಂಗಲಾಚಿದ. “ನಾ ಹಾಕಿದ್ದು, ನಾನಾ ತಗೀತೀನಿ.”

“ಹಿರ್ಯಾ ನಾ ಅದೀನಿ.”

“ನಿನಗ ನೋಡಾಕ ಆಗೂದಿಲ್ಲ.”

“ನೀ ಯಾಕ ಇಷ್ಟು ಅಂಜಾಕತ್ತಿ?”

ಮಲ್ಕಪ್ಪ ಅಣ್ಣನ ಕಡೆ ಹೊರಳಿದ. ಅಣ್ಣನ ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ಬಾವಿಯಲ್ಲಿ ಏನಿದೆಯೆಂದು ಗೊತ್ತಿದ್ದೂ ಈ ಮನುಷ್ಯ ಹೊಲ ಹೇಗೆ ಕೊಟ್ಟ? ಈಗ ಕಂಬಳಿ ಹೊದ್ದು ಸಂತೆಗೆ ಬಂದವನ ಹಾಗೆ ಹೇಗೆ ನಿಂತಿದ್ದಾನೆ?

ಯಂತ್ರ ಒಮ್ಮೆಲೇ ನಿಂತಿತು.

ಅದರ ಬಾಯಿಂದ ಕಲ್ಲು, ಎರೆಮಣ್ಣು, ಕೊಳೆತ ಹಸಿರು ಬಟ್ಟೆಯ ಚೂರು ಸುರಿದವು. ನಡುವೆ ಬಿಳಿಬಿಳಿಯದೇನೋ ಇತ್ತು. ಚಾಲಕ ಕೆಳಗಿಳಿದು, ಕೈ ಮುಗಿದು, ದೂರ ಹೋಗಿ ನಿಂತ. ಮರಿಲಿಂಗ ಓಡಿಬಂದ.

“ಅಪ್ಪಾ, ನಾನೂ ಇಳೀತೀನಿ.”

“ಅಲ್ಲೇ ನಿಲ್ಲು. ಹಿರ್ಯಾರ ಕೈಯಷ್ಟಾ ತಾಗಬೇಕು.”

ತಿಮ್ಮಣ್ಣ ಗುಂಡಿಗೆ ಇಳಿದ. ಮಲ್ಕಪ್ಪ ಅವನ ಹಿಂದೆಯೇ ಜಾರಿಕೊಂಡು ಬಿದ್ದ. ತಾನು ಮೊದಲು ಮುಟ್ಟಬೇಕು, ಮಣ್ಣೊಳಗೆ ತುಳಿಯಬೇಕು, ಮುಚ್ಚಬೇಕು. ಕೈಯೂರಿ ಏಳಲು ಹೋದ. ಅಷ್ಟರಲ್ಲಿ ತಿಮ್ಮಣ್ಣ ಒಂದು ದವಡೆ ಎತ್ತಿಕೊಂಡು ಹೆಬ್ಬೆರಳಿನಿಂದ ಮಣ್ಣು ಒರೆಸುತ್ತಿದ್ದ. ಜೀವಮಾನವಿಡೀ ಸಂತೆಯಲ್ಲಿ ಕುರಿಗಳ ಬಾಯಿ ಬಿಡಿಸಿ, ಹಲ್ಲು ಸವರಿ, ವಯಸ್ಸು ಹೇಳಿದ ಬೆರಳು ಅದು. ಹಲ್ಲಿನ ಸಾಲಿನ ಮೇಲೆ ಮೆಲ್ಲಗೆ ಹರಿದು, ಮುರಿದ ಒಂದು ಹಲ್ಲಿನ ಹತ್ತಿರ ನಿಂತಿತು.

ಮುಗಿಯಿತು, ಎಂದುಕೊಂಡ ಮಲ್ಕಪ್ಪ. ಎಲ್ಲ ಮುಗಿಯಿತು.

“ಆಕೀದಾ ಏನಪ್ಪಾ?” ಮೇಲಿನಿಂದ ಮರಿಲಿಂಗ ಕೂಗಿದ.

ತಿಮ್ಮಣ್ಣ ದವಡೆಯನ್ನು ಗಬಕ್ಕನೆ ಕಂಬಳಿಯೊಳಗೆ ಮುಚ್ಚಿದ.

“ಹೂಂ! ಆಕೀದಾ!” ಎಂದು ಗಟ್ಟಿಯಾಗಿ ಒದರಿದ. “ಈ ಕಡೆ ಬರಬ್ಯಾಡ, ಆ ಕಡೆ ಮುಖ ಮಾಡಿ ನಿಲ್ಲು!”

ಉಳಿದ ಎಲುಬುಗಳನ್ನೂ ಸರಸರ ಬಾಚಿ ಕಂಬಳಿಗೆ ಹಾಕಿದ. ಗಂಟನ್ನು ಎರಡು ಸಲ ಬಿಗಿದು ಕಟ್ಟಿದ. ಒಮ್ಮೆ ಮೇಲೆ ಮಗನ ಬೆನ್ನು ನೋಡಿದ. ಆಮೇಲೆ ತಮ್ಮನ ಕಿವಿಗೆ ಬಾಯಿ ತಂದ.

“ಬಿಳಿಹಣಿ ಕುರೀನ ತ್ವಾಳ ಒಯ್ತು ಅಂದ ದಿನಾನಾ ನನಗ ಗೊತ್ತಾತು. ಸೌಭಾಗ್ಯ ಆರಾಮ ಅದಾಳೇನೋ?”